ಕೌರವನ ಎದುರು ತಟ್ಟೆ ಹಿಡಿದು

ತಾಳಮದ್ದಳೆ ಇಟ್ಟು ದುಡ್ಡೆತ್ತೋಣ ಎಂದವಳು ನಾನೇ. ‘ಕೃಷ್ಣ ಸಂಧಾನ’ ಎಲ್ಲರಿಗೂ ಇಷ್ಟದ ಪ್ರಸಂಗವೆಂದು ಅದನ್ನೇ ಆರಿಸಿದೆವು. ಅದರಲ್ಲಿ ಬೇಡಲು ಬಂದವನು ಬರಿಗೈಯಲ್ಲೇ ಹೋಗುತ್ತಾನೆಂದು ಒಬ್ಬರಿಗಾದರೂ ಹೊಳೆಯಬೇಡವೇ!

ಶಿರಸಿಯ ಹಳೇ ಗೋದಾಮೊಂದರಲ್ಲಿ ನಾನೂ ನನ್ನ ಗೆಳತಿಯೂ ಕಲಾಪ್ರದರ್ಶನಕ್ಕೆಂದು ಒಂದು ಕತ್ತಲ ಗುಹೆ ಕಟ್ಟಿದ್ದೆವು. ಭೈರುಂಬೆಯಿಂದ ನಂದೊಳ್ಳಿಯವರೆಗೆ ಮನೆಮನೆ ತಿರುಗಿ ತಂದ ಹಾಳು ಕ್ಯಾಸೆಟ್‌ಗಳ ರೀಲು ಬಿಚ್ಚಿ, ಜಂತಿಯಿಂದ ನೆಲದವರೆಗೆ ಇಳಿಬಿಟ್ಟಿದ್ದೆವು. ಒಳಗೆ ಹೋದವರ ಮುಖಕ್ಕೆ, ಭುಜಕ್ಕೆ ರೀಲು ತಾಗುತ್ತಿತ್ತು. ಯಾವುದೋ ಮೂಲೆಯಿಂದ ಹಳೇ ಭಾಗವತರ ದನಿ ಬರುತ್ತಿತ್ತು. ಕಳೆದ ಮಳೆಗಾಲ ಮಾಡಿನ ತಗಡು ಹಾರಿ ಅರ್ಧ ಗುಹೆ ಹಾಳಾಯಿತು. ಈ ಮಳೆಗೆ ಮುಂಚೆ ಮಾಡು ಸರಿಯಾಗದಿದ್ದರೆ ಎಲ್ಲ ಕಿತ್ತು ಜಾಗ ಖಾಲಿ ಮಾಡಿ ಎಂದು ಗೋದಾಮಿನ ಯಜಮಾನರು ಖಡಾಖಂಡಿತವಾಗಿ ಹೇಳಿಬಿಟ್ಟರು.

ಕೌರವ ನನ್ನ ಅಣ್ಣ. ಪದ್ಯಕ್ಕೆ ಅವನು ಹೇಳುವ ಅರ್ಥ ಕೇಳಲು ಯಲ್ಲಾಪುರದಿಂದಲೂ ಜನ ಬಂದಿದ್ದರು. ಕೃಷ್ಣ ಸಿದ್ದಾಪುರದ ಮೇಷ್ಟ್ರು, ಸಾಧು ಮನುಷ್ಯ. ಪಾಂಡವರಿಗೆ ಐದು ಊರು ಕೇಳುತ್ತ, ನಮ್ಮ ಗುಹೆಗೆ ನಾಲ್ಕು ತಗಡನ್ನೂ ಸೇರಿಸಿದರು. ಸಭೆ ನಕ್ಕಿತು. ಅಣ್ಣ ನಗಲಿಲ್ಲ.

“ಗುಜರಿಯವನೂ ಮೂಸದ ಕಸಕ್ಕೆ ಮಾಡು ಬೇಕೇ, ಕೃಷ್ಣಾ? ಕೆಟ್ಟದ್ದನ್ನು ಹೊರಗೆಸೆಯುವುದು ಗೃಹಸ್ಥರ ಲಕ್ಷಣ. ಒಳಗೆ ತಂದು ತೂಗುಹಾಕುವುದು ಯಾರ ಲಕ್ಷಣ? ಸೂಜಿಯ ಮೊನೆಯಷ್ಟೂ ಕೊಡೆ!”

ಚಪ್ಪಾಳೆಯೋ ಚಪ್ಪಾಳೆ! ತಟ್ಟೆ ಹಿಡಿದು ಮೂಲೆಯಲ್ಲಿ ನಿಂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಒಡಹುಟ್ಟಿದವನೇ ಹೀಗೆಂದ ಮೇಲೆ ಊರವರು ಯಾಕೆ ಕೊಟ್ಟಾರು? ಮಂಗಳ ಹಾಡುವಾಗ ತಟ್ಟೆ ಒಂದು ಸುತ್ತು ಬಂತು. ಬಿದ್ದದ್ದು ಅಂದಿನ ಚಹಾದ ಖರ್ಚಿಗೂ ಸಾಲದು. ಜನ ಎದ್ದು ಚಪ್ಪಲಿ ಹುಡುಕತೊಡಗಿದರು. ಮುಗಿಯಿತು ಗುಹೆಯ ಕಥೆ ಎಂದುಕೊಂಡೆ.

ಅಣ್ಣ ಮೈಕು ಎಳೆದುಕೊಂಡ. “ಎಲ್ಲ ಕೂತ್ಕಳಿ. ಕೌರವಂಗೆ ಚಪ್ಪಾಳೆ ಹೊಡದ್ರಿ. ಅವನ ಬದಿಗೆ ನಿಂತವ್ರ ಗತಿ ಎಂತಾತು ಹೇಳಿ ಗೊತ್ತಿದ್ದು ಅಲ್ದಾ? ತಟ್ಟೆ ಇನ್ನೊಂದ್ ಸಲ ಬತ್ತು.”

ಸಭೆಯೇ ಗೊಳ್ಳೆಂದಿತು. ಚಪ್ಪಲಿ ಮೆಟ್ಟಿದವರೂ ಬಿಟ್ಟು ಒಳಗೆ ಬಂದರು. ಎರಡನೇ ಸುತ್ತಿಗೆ ತಗಡಿಗಾಗುವಷ್ಟು ಕೂಡಿತು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಶಾಲು ಮಡಚುತ್ತಿದ್ದವನ ಎದುರು ಹೋಗಿ ನಿಂತೆ.

“ಅಣ್ಣಾ, ಅದು ಕೌರವನ ಮಾತಾ, ನಿನ್ನ ಮಾತಾ?”

“ಕೊಡ್ತ್ನಿಲ್ಲೆ ಹೇಳಿದ್ದು ಕೌರವ, ತಂಗಿ,” ಎಂದ. ಶಾಲನ್ನು ಚೀಲಕ್ಕೆ ತುರುಕಿದ. “ಕಸ ಹೇಳಿದ್ದು ಆನು.”

ತಗಡು ಬಂದ ದಿನ ಎಲ್ಲರಿಗಿಂತ ಮೊದಲು ಏಣಿ ಹತ್ತಿದವನು ಅವನೇ. ನಾನು ಕೆಳಗೆ ಏಣಿಗೆ ಕೈಕೊಟ್ಟು ನಿಂತೆ.

“ಗಟ್ಟಿ ಹಿಡ್ಕ ತಂಗಿ,” ಎಂದ ಮೇಲಿನಿಂದ.

ಕಸ ಎಂದವನು ಕೌರವನಲ್ಲ, ನನ್ನ ಅಣ್ಣನೇ ಎಂಬ ಸಿಟ್ಟು ಇನ್ನೂ ಇತ್ತು. ಗಟ್ಟಿಯಾಗಿಯೇ ಹಿಡಿದೆ.