ಕಣ್ಣಿಗೊತ್ತಿಕೊಂಡ ಚೊಂಬು

ನೀರಿನ ಚೊಂಬನ್ನು ಕಣ್ಣಿಗೊತ್ತಿಕೊಂಡು, ಕುಡಿಯದೆ, ಪಕ್ಕದವರಿಗೆ ದಾಟಿಸುವುದನ್ನು ನಾನು ಅಲ್ಲಿಯವರೆಗೆ ಎಲ್ಲೂ ನೋಡಿರಲಿಲ್ಲ. ಅದು ನಡೆದದ್ದು ಶಿಕಾರಿಪುರದ ನಮ್ಮ ಸಣ್ಣ ಸಭೆಯಲ್ಲಿ, ಹಾಡುಹಗಲಲ್ಲಿ, ಆರಾಧನೆ ಮುಗಿದ ಮೇಲೆ. ಮಾಡಿದವರೆಲ್ಲ ನನ್ನವರೇ.

ನಮ್ಮದು ಅಜ್ಜಿಯ ಕಾಲದಿಂದ ಮೆಥಡಿಸ್ಟ್ ಕ್ರೈಸ್ತ ಮನೆತನ. ಬಸ್ ಸ್ಟ್ಯಾಂಡಿನ ಹಿಂದೆ ಶೀಟು ಹೊದಿಸಿದ ಒಂದು ಹಾಲ್, ಅದರಲ್ಲಿ ಸೇರುವ ಬೆರಳೆಣಿಕೆಯ ಕುಟುಂಬಗಳು, ಅಷ್ಟೇ ನಮ್ಮ ಸಭೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ನನಗೆ ಪಾಸ್ಟರ್ ಒಂದು ಕೆಲಸ ಹಚ್ಚಿದರು. "ಮೆಥಡಿಸ್ಟ್ ಅನ್ನೋದು ಬೋರ್ಡಿನ ಮೇಲೆ ಮಾತ್ರ ಉಳಿದಿದೆ ಮೇಡಂ. ಆ ಮೊದಲಿನವರ ಪ್ರಸಂಗಗಳನ್ನ ಕನ್ನಡ ಮಾಡಿ ಭಾನುವಾರ ಓದಿ ಹೇಳ್ತೀರಾ?" ಎಂದರು. ನನಗೂ ಮನೆಯಲ್ಲಿ ಕೂತು ಬೇಸರ ಬಂದಿತ್ತು. ಒಪ್ಪಿಕೊಂಡೆ.

ಆ ಪ್ರಸಂಗಗಳು ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥ ಕಟ್ಟಿದವರ ಉಪದೇಶಗಳು, ಅವುಗಳ ಇಂಗ್ಲಿಷು ಹಳೆಯದು. ಒಂದೊಂದು ವಾಕ್ಯವನ್ನು ಬಿಡಿಸುವಷ್ಟರಲ್ಲಿ ಕಾಫಿ ಆರಿಹೋಗುತ್ತಿತ್ತು. ಆದರೆ ಒಳಗಿನ ವಿಚಾರ ಇನ್ನೂ ಬಿಸಿಯಾಗಿಯೇ ಇತ್ತು. ದೊಡ್ಡ ಚರ್ಚುಗಳ ಬಾಗಿಲು ಮುಚ್ಚಿದಾಗ ಹೊಲದ ಬದುವಿನಲ್ಲಿ, ಕಲ್ಲಿದ್ದಲ ಗಣಿಯ ಬಾಯಿಯಲ್ಲಿ ನಿಂತು ಮಸಿ ಮೆತ್ತಿದ ಮುಖದ ಕೂಲಿಯವರಿಗೆ ಹೇಳಿದ ಮಾತುಗಳು ಅವು. ನಾವು ದೇವರ ಕಡೆ ತಿರುಗುವ ಮುಂಚೆಯೇ ಕೃಪೆ ನಮ್ಮ ಹತ್ತಿರ ಬಂದಿರುತ್ತದೆ, ಅದು ಯಾರನ್ನೂ ಆರಿಸುವುದಿಲ್ಲ, ಎಲ್ಲರಿಗೂ ಬರುತ್ತದೆ ಎನ್ನುತ್ತಾರೆ ಅವರು. ಪರಿಶುದ್ಧತೆ ಎಂದರೆ ಕೊಳೆಯಿಂದ ದೂರ ಸರಿದು ನಿಲ್ಲುವುದಲ್ಲ, ಬೇರೆ ಯಾವುದಕ್ಕೂ ಜಾಗವಿಲ್ಲದ ಹಾಗೆ ಎದೆಯಲ್ಲಿ ಪ್ರೀತಿ ತುಂಬಿಕೊಳ್ಳುವುದು ಎನ್ನುತ್ತಾರೆ. ಒಬ್ಬೊಬ್ಬರೇ ಕೋಣೆಯಲ್ಲಿ ಕೂತರೆ ಅದು ಸಿಗುವುದಿಲ್ಲವಂತೆ. ಅದಕ್ಕೇ ವಾರಕ್ಕೊಮ್ಮೆ ನಾಲ್ಕು ಜನ ಒಟ್ಟಿಗೆ ಕೂತು, ನಿನ್ನ ಆತ್ಮದ ಸ್ಥಿತಿ ಏನು ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿಕೊಳ್ಳುತ್ತಿದ್ದರು.

ನಾನೂ ಒಂದು ಭಾನುವಾರ ಹಾಗೆ ಕೂರಿಸಿ ಕೇಳಿಸಿದೆ. ಒಬ್ಬರು ಶುಗರ್ ಎಷ್ಟಿದೆ ಎಂದು ಹೇಳಿದರು, ಇನ್ನೊಬ್ಬರು ಬಿಪಿ ಹೇಳಿದರು, ಮತ್ತೊಬ್ಬರು ತಮ್ಮ ಆತ್ಮವನ್ನು ಬಿಟ್ಟು ಸೊಸೆಯ ಆತ್ಮದ ಸ್ಥಿತಿಯನ್ನು ವಿವರವಾಗಿ ಒಪ್ಪಿಸಿದರು. ಪ್ರಸಂಗ ಓದಿದ ದಿನವೆಲ್ಲ "ಬಹಳ ಆಶೀರ್ವಾದ ಆಯ್ತು" ಎನ್ನುವುದು, ಸಂಜೆಯೊಳಗೆ ಅದರ ಒಂದು ಸಾಲನ್ನು ಗುಲಾಬಿ ಹೂವಿನ ಮೇಲೆ ಅಂಟಿಸಿ ಸ್ಟೇಟಸ್ಸಿಗೆ ಹಾಕುವುದು. ಗಣಿಯ ಬಾಯಿಯಲ್ಲಿ ಕಲ್ಲೇಟು ತಿಂದು ಆಡಿದ ಮಾತಿಗೆ ನಾವು ಗುಲಾಬಿ ಹೂವು ಇಡುತ್ತಿದ್ದೆವು. ಆಗಲೇ ನನಗೆ ಸ್ವಲ್ಪ ಅಸಹ್ಯವಾಗತೊಡಗಿತ್ತು.

ಇದರ ನಡುವೆ ಅವಳು ಬಂದಳು. ಬಂದಳಿಕೆಯ ಕಡೆಯ ಒಂದು ಹಳ್ಳಿಯವಳು, ಕುರಿ ಸಾಕುವ ಮನೆ. ನಮ್ಮೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳನ್ನು ಭಾನುವಾರ ನೋಡಿಕೊಂಡು, ಬಸ್ಸಿಗೆ ಹೊತ್ತಾಗುವವರೆಗೆ ನಮ್ಮ ಹಾಲಿನ ಜಗಲಿಯ ನೆರಳಿನಲ್ಲಿ ಕೂರುತ್ತಿದ್ದಳು. ಕಿಟಕಿಯಿಂದ ನನ್ನ ಓದು ಅವಳಿಗೆ ಕೇಳಿಸುತ್ತಿತ್ತು. ಒಂದು ದಿನ ಬಾಗಿಲಲ್ಲಿ ತಲೆ ಹಾಕಿ, "ಎಲ್ಲಾರಿಗೂ ಬರ್ತೈತಿ ಅಂದ್ರಲ್ರೀ, ನಾ ಏನೂ ಕೇಳದಿದ್ರೂ ಬರ್ತೈತೇನ್ರೀ?" ಎಂದಳು. ಬರುತ್ತದೆ ಎಂದೆ. ಮುಂದಿನ ವಾರ ಒಳಗೆ ಬಂದು, ಖಾಲಿ ಕುರ್ಚಿಗಳಿದ್ದರೂ ಹಿಂದಿನ ಚಾಪೆಯ ಮೇಲೆ ಕೂತಳು. "ಕಾಲ ಸರಿ ಇಲ್ಲ ಮೇಡಂ, ಹೊಸಬರು ಬಂದ್ರೆ ಮತಾಂತರ ಅಂತ ಯಾರಾದ್ರೂ ಬಂದು ಗಲಾಟೆ ಮಾಡ್ತಾರೆ" ಎಂದು ಪಾಸ್ಟರ್ ಪಿಸುಗುಟ್ಟಿದರು. ಅವರ ಹೆದರಿಕೆ ಸುಳ್ಳಲ್ಲ. ಆದರೆ ಅವಳನ್ನು ಯಾರೂ ಕರೆದಿರಲಿಲ್ಲ. ತಾನಾಗಿ ಬಂದವಳನ್ನು ಎಬ್ಬಿಸುವುದು ನನ್ನಿಂದಾಗಲಿಲ್ಲ.

ಅವಳಿಗೂ ಹೆದರಿಕೆ ಇತ್ತು. "ಇಲ್ಲಿ ಕುಂತೀನಿ ಅಂತ ನಮ್ಮತ್ತೆಗೆ ಗೊತ್ತಾದ್ರ ಬೈತಾಳ್ರೀ. ನೀರು ಕುಡದೀನಿ ಅಂತ ಗೊತ್ತಾದ್ರ ಒಳಗ ಸೇರ್ಸಂಗಿಲ್ಲ" ಎಂದು ನಗುತ್ತಲೇ ಹೇಳಿದ್ದಳು. ಯಾಕೆಂದು ನಾನು ಕೇಳಬೇಕಾಗಿರಲಿಲ್ಲ. ನನ್ನ ಅಜ್ಜಿ ಆ ಕಡೆಯ ಹಳ್ಳಿಗಳಲ್ಲಿ ರಸ್ತೆಗೆ ಜಲ್ಲಿ ಹೊತ್ತವಳು. ಬಾಯಾರಿ ಯಾರದಾದರೂ ಅಂಗಳದಲ್ಲಿ ನಿಂತರೆ ಮನೆಯವರು ಚೊಂಬು ಕೊಡುತ್ತಿರಲಿಲ್ಲ, ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ನಮ್ಮ ಸಭೆಯ ಎಲ್ಲ ಮನೆಯ ಅಜ್ಜಿಯರೂ ಹಾಗೇ ಕುಡಿದವರು.

ಮಳೆಗಾಲ ಕಳೆದ ಮೇಲೆ ಓದು ಪ್ರೀತಿಭೋಜನದ ವಿಷಯಕ್ಕೆ ಬಂತು. ಇದು ಪಾಸ್ಟರ್ ರೊಟ್ಟಿ, ದ್ರಾಕ್ಷಾರಸ ಕೊಡುವ ಪ್ರಭುಭೋಜನವಲ್ಲ, ಅದಕ್ಕಿಂತ ಸರಳ. ಆ ಮೊದಲಿನವರು ಸುತ್ತ ಕೂತು ಒಂದೇ ರೊಟ್ಟಿಯನ್ನು ಮುರಿದು ತಿಂದು, ಎರಡು ಕೈಯಲ್ಲಿ ಹಿಡಿಯುವ ಒಂದೇ ಬಟ್ಟಲಿನಿಂದ ಎಲ್ಲರೂ ನೀರು ಕುಡಿದು, ತಮ್ಮ ಬದುಕಿನಲ್ಲಿ ದೇವರು ಮಾಡಿದ್ದನ್ನು ಹೇಳಿಕೊಳ್ಳುತ್ತಿದ್ದರು. ಹೊಸಬರನ್ನೂ ಒಂದೆರಡು ಸಲ ಕೂರಿಸಿಕೊಳ್ಳುತ್ತಿದ್ದರು. ಕೇಳಿದವರಿಗೆಲ್ಲ ಉತ್ಸಾಹ ಬಂತು. ನಾವೂ ಮಾಡೋಣ ಎಂದರು. ಎಲ್ಲರಿಗಿಂತ ಹೆಚ್ಚು ಹುರುಪು ಸೊರಬದಿಂದ ಬರುತ್ತಿದ್ದ ಹಿರಿಯರೊಬ್ಬರಿಗೆ. ಪರಿಪೂರ್ಣ ಪ್ರೀತಿಯ ಪ್ರಸಂಗ ಓದಿದ ದಿನ ಅವರು ಎದ್ದು ನಿಂತು ಕರ್ಚೀಫು ಒದ್ದೆಯಾಗುವಷ್ಟು ಅತ್ತು ದೇವರ ಪ್ರೀತಿಗೆ ಸಾಕ್ಷಿ ಹೇಳಿದ್ದರು. "ಬೇಕರಿ ಬನ್ನು ನಾನೇ ತರ್ತೀನಿ ಕಣ್ರೀ" ಎಂದರು.

ಹೊರಡುವಾಗ ಅವಳು ನನ್ನನ್ನು ಪಕ್ಕಕ್ಕೆ ಕರೆದಳು.

"ಎಲ್ಲಾರೂ ಒಂದ ಚೊಂಬಿನಾಗ ಏನ್ರೀ?"

"ಹೌದು, ಒಂದೇ."

"ಬಾಯಿ ಹಚ್ಚಿ?"

"ಅವರು ಹಾಗೇ ಕುಡೀತಿದ್ರು."

ಅವಳು ಸೆರಗಿನ ತುದಿ ಸುತ್ತುತ್ತಾ, "ಹಂಗಾರ ನಾನೂ ಬರ್ತೀನ್ರೀ" ಎಂದಳು. ಅವಳು ಅಲ್ಲಿ ಏನನ್ನು ದಾಟುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನಮ್ಮವರು ಚೊಂಬಿನಿಂದ ಹೇಗೆ ಕುಡಿಯುತ್ತಾರೆ ಎನ್ನುವುದು ಮಾತ್ರ ನೆನಪಾಗಲಿಲ್ಲ. ನಾವೆಲ್ಲ ಹುಟ್ಟಿನಿಂದ ಎತ್ತಿ ಕುಡಿಯುವವರು. ಕಚ್ಚಿ ಕುಡಿದರೆ ಎಂಜಲು ಎಂದು ಬೈಸಿಕೊಂಡೇ ಬೆಳೆದವರು.

ಆ ಭಾನುವಾರ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಬನ್ನು ಮುರಿದು ಹಂಚಿ ಆಯಿತು. ಪಾಸ್ಟರ್ ಸ್ಟೀಲ್ ಚೊಂಬನ್ನು ಮೇಲೆತ್ತಿ, ತುಟಿಗೆ ತಾಗಿಸದೆ, ಗಟಗಟ ಎಂದು ಬಾಯಿಗೆ ಹೊಯ್ದುಕೊಂಡು ಮುಂದೆ ಕೊಟ್ಟರು. ಆಮೇಲಿನವರೂ ಹಾಗೇ ಮಾಡಿದರು. ಅವಳು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಳು, ನೋಡಿರಲಿಲ್ಲ. ಚೊಂಬು ಕೈಗೆ ಬಂದಾಗ ಎರಡೂ ಕೈಯಲ್ಲಿ ಹಿಡಿದು, ಅಂಚಿಗೆ ಬಾಯಿಟ್ಟು, ನಿಧಾನವಾಗಿ ಕುಡಿದಳು. ಕುಡಿದು ಪಕ್ಕದಲ್ಲಿದ್ದ ಸೊರಬದ ಹಿರಿಯರ ಕೈಗೆ ಕೊಟ್ಟಳು.

ಅವರು ಹಲ್ಲಿ ಬಿದ್ದ ಸಾರನ್ನು ನೋಡುವ ಹಾಗೆ ಚೊಂಬಿನೊಳಗೆ ನೋಡಿದರು. ಆಮೇಲೆ ಮುಖಕ್ಕೆ ಭಕ್ತಿ ತಂದುಕೊಂಡು ತಲೆಬಾಗಿ, ಚೊಂಬನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಪಕ್ಕಕ್ಕೆ ದಾಟಿಸಿದರು. ಎತ್ತಿ ಕುಡಿಯಲೂ ಅವರಿಗೆ ಮನಸ್ಸಾಗಲಿಲ್ಲ. ಪಕ್ಕದವರಿಗೆ ದಾರಿ ಸಿಕ್ಕಿದ ಹಾಗಾಯಿತು, ಅವರೂ ಕಣ್ಣಿಗೊತ್ತಿಕೊಂಡರು. ಮುಂದಿನ ಹೆಂಗಸು ರೇಷ್ಮೆ ಸೆರಗಿನಿಂದ ಅಂಚನ್ನು ಒರೆಸಿ ಆಮೇಲೆ ಹಣೆಗೆ ಮುಟ್ಟಿಸಿಕೊಂಡಳು. "ಕುರಿ ವಾಸನೆ" ಎಂದು ಯಾರೋ ಗೊಣಗಿದ್ದು ನನ್ನ ಕಿವಿಗೂ ಬಿತ್ತು. ಒಬ್ಬರ ಮುಖದಲ್ಲೂ ನಾಚಿಕೆಯಿರಲಿಲ್ಲ, ಎಲ್ಲರ ಮುಖದಲ್ಲೂ ಭಕ್ತಿಯೇ.

ಅವಳಿಗೆ ಮೊದಲು ತಿಳಿಯಲಿಲ್ಲ. ಎದುರಿಗೆ ಕೂತಿದ್ದ ನನ್ನ ಕಡೆ ಬಾಗಿ, "ಅಯ್ಯ, ನಾನೂ ಮೊದ್ಲು ಕಣ್ಣಿಗೆ ಒತ್ಕೋಬೇಕಿತ್ತೇನ್ರೀ?" ಎಂದು ಗಾಬರಿಯಿಂದ ಕೇಳಿದಳು. ಅಷ್ಟರಲ್ಲಿ ರೇಷ್ಮೆ ಸೀರೆಯವಳು, "ತೊಳ್ಕೊಂಡು ಬೇರೆ ನೀರು ತರ್ಲಾ ಪಾಸ್ಟರ್?" ಎಂದಳು. ಆಗ ಅವಳಿಗೆ ಅರ್ಥವಾಯಿತು. "ಬಸ್ಸು ಬಂತು ಕಾಣ್ತೈತಿ" ಎಂದು ಎದ್ದು ಹೋದಳು. ಯಾವ ಬಸ್ಸೂ ಬಂದಿರಲಿಲ್ಲ.

ಚೊಂಬು ಕೊನೆಗೆ ನನ್ನ ಹತ್ತಿರ ಬಂತು. ಬಾಯಿಟ್ಟು ಕುಡಿದೆ. ಅಂಚಿನ ತುಂಬ ತಲೆಯ ಎಣ್ಣೆ, ಪೌಡರಿನ ವಾಸನೆ. ನನಗೂ ಹೇಸಿಗೆಯಾಯಿತು, ಸುಳ್ಳೇಕೆ ಹೇಳಲಿ, ಆದರೆ ಅದು ಅವಳ ಎಂಜಲಿನ ಹೇಸಿಗೆಯಲ್ಲ.

"ಸೀಸನ್ ಸರಿ ಇಲ್ಲ ಕಣ್ರೀ ಮೇಡಂ, ಎಲ್ಲಾ ಕಡೆ ಜ್ವರ. ನಾವು ಹುಷಾರಾಗಿರ್ಬೇಕಲ್ವಾ?" ಎಂದರು ಸೊರಬದ ಹಿರಿಯರು, ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಾ.

"ನಿಮ್ಮ ಹಣೆಯ ಎಣ್ಣೆ ಕುಡಿದಿದ್ದೀನಿ. ನಂಗೆ ಅದರದ್ದೇ ಭಯ" ಎಂದೆ.

ನಾನು ತಮಾಷೆ ಮಾಡಿದೆನೆಂದು ಅವರು ನಕ್ಕರು. ಸಂಜೆ ಸಭೆಯ ಗ್ರೂಪಿನಲ್ಲಿ ಫೋಟೋ ಬಂತು, ಪ್ರೀತಿಭೋಜನದ ಸವಿಕ್ಷಣಗಳು ಎಂದು. ಹಿರಿಯರು ಕಣ್ಣು ಮುಚ್ಚಿ ಚೊಂಬು ಒತ್ತಿಕೊಂಡಿದ್ದ ಫೋಟೋ. ಪಕ್ಕದಲ್ಲಿದ್ದ ಅವಳನ್ನು ಕತ್ತರಿಸಿ ತೆಗೆದಿದ್ದರು, ಮೊಣಕೈಯೊಂದು ಮಾತ್ರ ಉಳಿದುಕೊಂಡಿತ್ತು. ಕೆಳಗೆ ಸಾಲು ಸಾಲು ಆಮೆನ್‌ಗಳು. ಚೊಂಬು ಕೈಗೆ ಸಿಕ್ಕ ಮೊಮ್ಮಕ್ಕಳು ಮಾಡಿದ್ದನ್ನು ಬೊಗಸೆಯಲ್ಲಿ ಕುಡಿದ ಅಜ್ಜಿಯರು ನೋಡಿದ್ದರೆ ಉಗಿಯುತ್ತಿದ್ದರು.

ಆಮೇಲಿನ ಭಾನುವಾರಗಳಲ್ಲಿ ಜಗಲಿ ಖಾಲಿ. ಅವಳು ಮಗಳನ್ನು ನೋಡಿಕೊಂಡು ನೇರವಾಗಿ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದಳಂತೆ. ತಡೆಯಲಾರದೆ ನಾನೇ ಒಂದು ಬೆಳಿಗ್ಗೆ ಬಸ್ಸು ಹತ್ತಿ ಅವಳ ಹಳ್ಳಿಗೆ ಹೋದೆ. ಕುರಿದೊಡ್ಡಿಯ ಪಕ್ಕದಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು. "ಮಗಳ ಹಾಸ್ಟೆಲ್ ಕಡೆ ಟೀಚರಮ್ಮಾರು" ಎಂದು ಅವಳು ಅತ್ತೆಗೆ ಹೇಳಿ, ಅಂಗಳದಲ್ಲಿ ಕುರ್ಚಿ ಹಾಕಿ ನನ್ನನ್ನು ಕೂರಿಸಿದಳು. ಬಾಗಿಲಿನೊಳಗೆ ಬಿಂದಿಗೆಯ ಮೇಲೆ ಬೆಳಗಿಟ್ಟ ಹಿತ್ತಾಳೆ ಚೊಂಬು ಕಾಣುತ್ತಿತ್ತು. ಅವಳು ನೀರು ತಂದದ್ದು ಅದರಲ್ಲಲ್ಲ, ಮದುವೆ ಮನೆಗಳಲ್ಲಿ ಕೊಡುವ ತೆಳು ಪ್ಲಾಸ್ಟಿಕ್ ಲೋಟದಲ್ಲಿ.

ಅಜ್ಜಿ ನಿಂತಿದ್ದ ಅಂಗಳದಂಥದೇ ಅಂಗಳ. "ಚೊಂಬಿನಲ್ಲೇ ಕೊಡಮ್ಮ" ಎಂದೆ. ನೀನು ಎದ್ದು ಹೋದ ಮೇಲೆ ನಾನು ಬಾಯಿಟ್ಟು ಕುಡಿದೆ ಎಂದು ಹೇಳಬೇಕೆನಿಸಿತು. ಆ ಮಾತು ನಾಲಿಗೆ ತುದಿಗೆ ಬಂದದ್ದಕ್ಕೇ ನನಗೆ ನನ್ನ ಮೇಲೆ ಅಸಹ್ಯವಾಗಿ ನುಂಗಿಕೊಂಡೆ.

ಅವಳು ದನಿ ತಗ್ಗಿಸಿದಳು. "ನಮ್ಮತ್ತೆಗೆ ಹೆದರಿ ಇದ್ರಾಗ ಕೊಟ್ಟೆ ಅನ್ಕೋಬ್ಯಾಡ್ರೀ. ಆ ಹೆದರಿಕಿ ನಿಮ್ಮ ಹಾಲ್‌ನಾಗ ಅವತ್ತ ಬಿಟ್ಟೆ. ಈಗ ನನಗ ಹೇಸಿಗಿ ರೀ. ಅಷ್ಟು ಚೆಂದ ಓದಿ, ಅಷ್ಟು ಚೆಂದ ಅತ್ತು, ಹಂಗ ಮಾಡಿದ ಬಾಯಿ. ನಿಮ್ಮೋರ ಬಾಯಿ ನನ್ನ ಚೊಂಬಿಗೆ ಬ್ಯಾಡ."

ಲೋಟದ ನೀರು ಕುಡಿದೆ. ಎಲ್ಲಿ ಹಾಕುವುದೆಂದು ಸುತ್ತ ನೋಡಿದೆ.

"ಇಲ್ಲಿ ಒಗೀಬ್ಯಾಡ್ರೀ, ಕುರಿ ತಿಂತಾವು. ನೀವ ತಗೊಂಡು ಹೋಗ್ರಿ" ಎಂದಳು.

ಬ್ಯಾಗಿನಲ್ಲಿ ಮುಂದಿನ ಭಾನುವಾರದ ಪ್ರಸಂಗದ ಹಾಳೆಗಳಿದ್ದವು. ಅದರಲ್ಲಿ ಇಟ್ಟರೆ ಒದ್ದೆಯಾಗುತ್ತವೆ. ಶಿಕಾರಿಪುರ ಬರುವವರೆಗೂ ನನ್ನ ಎಂಜಲು ಲೋಟವನ್ನು ನಾನೇ ಕೈಯಲ್ಲಿ ಹಿಡಿದುಕೊಂಡು ಕೂತೆ.