ಗಣಿಯೊಳಗಿನ ಇಲಿಗಳು

ವಿದ್ಯಾನಗರದ ಕಾಲೇಜೊಂದರ ಪ್ರದರ್ಶನಕ್ಕಾಗಿ, ಎಂದೋ ಮುಚ್ಚಿಹೋದ ಚಿನ್ನದ ಗಣಿಯೊಂದರ ಮಾದರಿ ಕಟ್ಟುತ್ತಿದ್ದೆ. ನೂರಕ್ಕೆ ಒಂದರ ಅಳತೆ. ನಕ್ಷೆಯಲ್ಲಿ ಇಲ್ಲದ್ದು ಮಾದರಿಯಲ್ಲೂ ಇರಕೂಡದು ಎಂಬುದು ನನ್ನ ನಿಯಮ. ಆ ಗಣಿಯಲ್ಲಿ ದುಡಿದಿದ್ದ ಮುದುಕರೊಬ್ಬರು ನೋಡಲು ಬಂದರು. ಸುರಂಗದೊಳಗೆ ಬಹಳ ಹೊತ್ತು ಇಣುಕಿ, "ಛಲೋ ಮಾಡೀರಿ ಸಾಹೇಬ್ರ. ಆದ್ರ ಇಲಿ ಎಲ್ಲಿ ಅದಾವ್ರಿ?" ಎಂದರು.

"ನಕ್ಷೆಯಲ್ಲಿಲ್ಲ" ಎಂದೆ.

"ನಕ್ಷಾ ತಗದವ್ರು ಕೆಳಗ ಕುಂತು ರೊಟ್ಟಿ ತಿಂದಿಲ್ರಿ. ನಾವು ಗಂಟು ಬಿಚ್ಚಿದ್ರ ಮೊದಲ ತುಣುಕು ಇಲಿಗೆ. ಒಂದಿನ ಅವೆಲ್ಲ ಒಮ್ಮೆಲೆ ಓಡಿದ್ವು, ನಾವೂ ಬೆನ್ನ ಹತ್ತಿ ಓಡಿದ್ವಿ. ಹಿಂದ ಕಲ್ಲು ಕುಸೀತು. ಅವು ಇರದಿದ್ರ ನಾನೂ ಇರ್ತಿದ್ದಿಲ್ರಿ."

ಮರುದಿನ ಅವರೆದುರೇ ನಿಯಮ ಮುರಿದೆ. ಇಲಿಯ ಅಳತೆಗೆ ಸಾಸಿವೆ ಕಾಳು ಸರಿಹೊಂದಿತು. ಚಿಮಟದಿಂದ ಮೂರು ಅಂಟಿಸಿದೆ. ಮುದುಕರು ಕಣ್ಣೊರೆಸಿಕೊಂಡರು.

ಪ್ರದರ್ಶನದಲ್ಲಿ ಪ್ರಾಂಶುಪಾಲರು ಬಗ್ಗಿ ನೋಡಿ, "ಏನಿದು ಕಸ?" ಎಂದರು.

"ಸುರಕ್ಷತಾ ವಿಭಾಗ ಸರ್" ಎಂದೆ.