ಮಲ್ಲೇಶ್ವರಿ ಮೇಡಂ ಗೆದ್ದ ಫೈನಲ್

ಔರಾದ ಕಡೆಯ ಕುರಿಗಾರ ಬಕ್ಕಪ್ಪನ ಮಗಳು ಮಲ್ಲೇಶ್ವರಿ ಬಾಸ್ಕೆಟ್‌ಬಾಲ್ ಮುಟ್ಟಿದ್ದೇ ಬೀದರಿನ ಕಾಲೇಜಿಗೆ ಬಂದ ಮೇಲೆ. ಎತ್ತರದ ಹುಡುಗಿ, ಕುರಿಗಳ ಹಿಂದೆ ಓಡಿ ಗಟ್ಟಿಯಾದ ಕಾಲು. ವಿಶ್ವವಿದ್ಯಾಲಯದ ತಂಡಕ್ಕೆ ಆಡಿ, ಬಿ.ಪಿ.ಎಡ್ ಮುಗಿಸಿ, ಭಾಲ್ಕಿಯ ಖಾಸಗಿ ಕಾಲೇಜೊಂದರಲ್ಲಿ ಕೋಚ್ ಆದಳು.

ಅಲ್ಲಿನ ಕೋರ್ಟಿನಲ್ಲಿ ಅಧ್ಯಾಪಕರ ಬೈಕುಗಳು ನಿಲ್ಲುತ್ತಿದ್ದವು. ಬಂದ ದಿನವೇ ಎಲ್ಲವನ್ನೂ ಹೊರಗೆ ತಳ್ಳಿಸಿದಳು. ಆಮೇಲೆ ಸ್ಟಾಫ್ ರೂಮಿನಲ್ಲಿ ಅವಳೊಂದಿಗೆ ಚಹಾ ಕುಡಿಯುವವರು ಉಳಿಯಲಿಲ್ಲ. ಅವಳಿಗೂ ಬೇಕಿರಲಿಲ್ಲ. ಹುಡುಗಿಯರನ್ನು ನಸುಕಿನಲ್ಲೇ ಓಡಿಸುವಳು. ಪಾಸು ತಪ್ಪಿದವಳ ಬೆನ್ನಿಗೆ ಚೆಂಡು ಬೀಸುವಳು. ಬೈಯಲು ಕನ್ನಡ ಸಾಲದಿದ್ದರೆ ಮರಾಠಿ ಇತ್ತು. ತಂಡ ಗೆಲ್ಲತೊಡಗಿತು.

ಒಂದು ಸೆಮಿಫೈನಲ್‌ನಲ್ಲಿ ಕ್ಯಾಪ್ಟನ್ ಮಂಜಿರಿ ಕೈಯೂರಿ ಬಿದ್ದಳು.

"ಕೈ ಎತ್ತಾಕ ಬರವಲ್ದರಿ ಮೇಡಂ."

"ಇನ್ನೊಂದು ಕೈ ಅದಲ? ಹೋಗು."

ಮಂಜಿರಿ ಆಡಿದಳು, ಪಂದ್ಯವನ್ನೂ ಗೆಲ್ಲಿಸಿದಳು. ಸಂಜೆ ಆಸ್ಪತ್ರೆಯಲ್ಲಿ ಮಣಿಕಟ್ಟು ಮುರಿದಿದೆ ಎಂದು ಗೊತ್ತಾಯಿತು. ಮರುವಾರ ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿ ಶಿವರಾಜ ಮಲ್ಲೇಶ್ವರಿಯನ್ನು ಕರೆಸಿದರು. ಕೂರಲು ಹೇಳಲಿಲ್ಲ.

"ಹುಡುಗ್ಯಾರ ತಾಯಿ-ತಂದಿ ಬಂದು ಜಗಳಾಡಿ ಹೋಗ್ಯಾರರಿ. ನಾಳಿಂದ ನೀವು ಬರಬ್ಯಾಡ್ರಿ."

"ಈ ಕಪಾಟಿನ್ಯಾಗಿನ ಕಪ್ ಯಾರು ತಂದಾರರಿ?"

"ಹುಡುಗ್ಯಾರು."

ಹೊರಗೆ ಕೋರ್ಟಿನ ಬದಿಗೆ ಮಂಜಿರಿ ಪ್ಲಾಸ್ಟರ್ ಹಾಕಿದ ಕೈ ಹಿಡಿದು ನಿಂತಿದ್ದಳು. ಮನೆಯವರಿಂದ ದೂರು ಕೊಡಿಸಿದವಳು ಇವಳೇ ಎಂದು ಮಲ್ಲೇಶ್ವರಿಗೆ ಗೊತ್ತಿತ್ತು. ಆ ಕೈಯನ್ನು ಮಾತ್ರ ಅವಳು ನೋಡಲಿಲ್ಲ. ಹುಡುಗಿಯ ಮುಖ ನೋಡಿ, "ನಂಬಿಕಿಗಿ ಚೂರಿ ಹಾಕ್ದಿ," ಎಂದು ಬಸ್‌ಸ್ಟ್ಯಾಂಡಿನತ್ತ ನಡೆದಳು.

ಔರಾದದ ಕಾಲೇಜೊಂದು ಅವಳನ್ನು ಅತಿಥಿ ಕೋಚ್ ಎಂದು ಇಟ್ಟುಕೊಂಡಿತು. ಅಲ್ಲಿ ಕೋರ್ಟೇ ಇರಲಿಲ್ಲ. ಕರಿಮಣ್ಣಿನ ಬಯಲಿಗೆ ಮೊರಂ ಎಂಬ ಗರಸು ಮಣ್ಣು ಹೊಡೆಸಿ, ತಾನೇ ರೋಲರ್ ಎಳೆದು, ಕಂಬ ನೆಡಿಸಿದಳು. ಹೊಲದ ಕೆಲಸ ಮಾಡಿ ಬೆಳೆದ ಹುಡುಗಿಯರನ್ನು ಆರಿಸಿ, ಮೊದಲಿಗಿಂತ ಬಿರುಸಾಗಿ ದಂಡಿಸಿದಳು. ಅವಳ ಕಣ್ಣ ಮುಂದೆ ಇದ್ದದ್ದು ಭಾಲ್ಕಿ ಒಂದೇ. ವರ್ಷಗಳು ಕಳೆದು, ಅಲ್ಲಿ ಈಗ ಕೋಚ್ ಆಗಿದ್ದವಳು ಓದು ಮುಗಿಸಿದ ಮಂಜಿರಿ.

ಹೋದ ವರ್ಷ ಬೀದರಿನ ಅಂತರಕಾಲೇಜು ಫೈನಲ್‌ನಲ್ಲಿ ಎರಡು ತಂಡಗಳೂ ಎದುರಾದವು. ಭಾಲ್ಕಿಯ ಹುಡುಗಿಯರು ಮಲ್ಲೇಶ್ವರಿ ಹಿಂದೆ ಅಲ್ಲಿ ಕಲಿಸಿದ್ದ ಆಟವನ್ನೇ ಆಡುತ್ತಿದ್ದರು. ಎಲ್ಲಿಗೆ ಪಾಸು ಹೋಗುತ್ತದೆಂದು ಅವಳಿಗೆ ಮೊದಲೇ ತಿಳಿಯುತ್ತಿತ್ತು. ಔರಾದ ಕೂದಲೆಳೆಯ ಅಂತರದಲ್ಲಿ ಗೆದ್ದಿತು.

ಮಂಜಿರಿ ತಾನಾಗಿಯೇ ಬಂದಳು. ಕೈ ಚಾಚಲಿಲ್ಲ.

"ನೀವು ಕಲಿಸಿದ್ದೆಲ್ಲಾ ಕಲಿಸೇನ್ರಿ ಮೇಡಂ. ಹೊಡ್ಯಾದೊಂದು ಬಿಟ್ಟೇನಿ."

"ಅದಕ್ಕ ಸೋತಿ."

"ಸೋಲಲಿ ಬಿಡ್ರಿ. ನನ್ನ ಹುಡುಗ್ಯಾರು ನನ್ನ ಕೂಡ ಊಟಕ್ಕ ಕೂಡ್ತಾರ."

ಮಲ್ಲೇಶ್ವರಿಯ ಬಾಯಿಗೆ ಬಂದದ್ದು ಬೈಗುಳ. ಅದನ್ನು ನುಂಗಿ ತಿರುಗಿ ನಡೆದಳು.

ಔರಾದದ ಬಸ್ಸಿನಲ್ಲಿ ಹುಡುಗಿಯರು ಕಪ್ ಹಿಡಿದು ಹಿಂದಿನ ಸೀಟುಗಳಲ್ಲಿ ಹಾಡುತ್ತಿದ್ದರು. ಅವಳು ಒಮ್ಮೆ ತಿರುಗಿ ನೋಡಿದಳು. ಹಾಡು ನಿಂತಿತು. ಮತ್ತೆ ಮುಂದಕ್ಕೆ ತಿರುಗಿದಳು. ಊರು ಬರುವವರೆಗೂ ಯಾರೂ ಹಾಡಲಿಲ್ಲ.